ಅಡಿಗೆಮನೆಯ ಕಪಾಟಿಗೆ ನೀರಿಗಿಂತ ಗಾಳಿ ಮೇಲು

ಮನೆಯ ಮರಮುಟ್ಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಯಾವುದೆಂದು ಕೇಳಿದರೆ ಹಲವರು ತಲೆಬಾಗಿಲನ್ನು ತೋರಿಸಿಯಾರು. ಆದರೆ ತಲೆಬಾಗಿಲು ದಿನಕ್ಕೆ ಹತ್ತು ಸಲ ತೆರೆದೀತು, ಹತ್ತು ಸಲ ಮುಚ್ಚೀತು. ಅಡಿಗೆಮನೆಯ ಕಪಾಟಿಗೆ ಅಷ್ಟು ವಿಶ್ರಾಂತಿಯೂ ಇಲ್ಲ. ಬೆಳಗಿನ ಕಾಫಿಪುಡಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಅದರ ಹಿಡಿಯನ್ನು ಎಳೆಯುವ ಕೈ ಎಳೆಯುತ್ತಲೇ ಇರುತ್ತದೆ. ಆ ಕೈ ಒಮ್ಮೆ ಒದ್ದೆ, ಒಮ್ಮೆ ಎಣ್ಣೆ, ಒಮ್ಮೆ ಅರಿಸಿನ. ಒಗ್ಗರಣೆಯ ಘಾಟು, ಅನ್ನದ ಹಬೆ, ಹಪ್ಪಳ ಕರಿದ ಜಿಡ್ಡು ಎಲ್ಲವೂ ಕೊನೆಗೆ ಬಂದು ಕೂರುವುದು ಅದರ ಮೈಮೇಲೆಯೇ.

ಇಷ್ಟಾದರೂ ಅದರ ನೆನಪಾಗುವುದು ಹಬ್ಬ ಬಂದಾಗ. ಆಗ ಬಕೆಟ್ಟಿನ ತುಂಬ ಬಿಸಿನೀರು, ಮುಷ್ಟಿಯಷ್ಟು ಸೋಡಾ, ತೆಂಗಿನ ನಾರು ಎಲ್ಲವೂ ಬರುತ್ತವೆ. ಕಪಾಟಿಗೆ ಅಭ್ಯಂಗಸ್ನಾನವೇ ಆಗುತ್ತದೆ. ಆ ದಿನ ಅದು ಲಕಲಕನೆ ಹೊಳೆಯುವುದೂ ನಿಜ. ಆದರೆ ತಿಂಗಳೊಪ್ಪತ್ತಿನಲ್ಲಿ ಬಾಗಿಲು ಬಿಗಿಯುತ್ತದೆ, ಮೂಲೆಯಲ್ಲಿ ಕಪ್ಪು ಕಲೆ ಮೂಡುತ್ತದೆ, ಒಳಗಿನಿಂದ ಮುಗ್ಗಲು ವಾಸನೆ ಬರುತ್ತದೆ. “ಮರವೇ ಸರಿಯಿಲ್ಲ, ಆಚಾರಿ ಮೋಸ ಮಾಡಿದ” ಎಂದು ಮನೆಯವರು ಗೊಣಗುತ್ತಾರೆ. ಮರವನ್ನೂ ಆಚಾರಿಯನ್ನೂ ಬೈಯುವ ಮೊದಲು ಆ ಬಕೆಟ್ಟಿನ ಕಡೆಗೆ ಒಮ್ಮೆ ನೋಡುವುದು ಒಳ್ಳೆಯದು. ಮರದ ಕಪಾಟು ಕೊಳೆಯಿಂದ ಕೆಡುವುದು ಕಡಿಮೆ. ಒಳಗೆ ಸೇರಿ ಹೊರಗೆ ಹೋಗಲಾರದ ತೇವದಿಂದ ಕೆಡುವುದೇ ಹೆಚ್ಚು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದ ಉಪಾಯಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಕಡಲ ಕರೆಯ ಪರೀಕ್ಷೆ

ಈ ಮಾತಿನ ಸತ್ಯವನ್ನು ಕಾಣಬೇಕಾದರೆ ಕಡಲ ಕರೆಯ ಊರಿಗೇ ಹೋಗಬೇಕು. ಕುಮಟೆಗೂ ಹೊನ್ನಾವರಕ್ಕೂ ನಡುವೆ ಹೆದ್ದಾರಿಯಲ್ಲಿ ಸಿಕ್ಕುವ ಧಾರೇಶ್ವರವನ್ನು ವಾಚಕರಲ್ಲಿ ಅನೇಕರು ಬಲ್ಲರು. ಗೋಕರ್ಣದೊಡನೆ ಎಣಿಸುವ ಪಂಚಕ್ಷೇತ್ರಗಳಲ್ಲಿ ಅದೂ ಒಂದು. ಅಲ್ಲಿನ ಶಿವಾಲಯಕ್ಕೆ ಯಾತ್ರಿಕರು ಹೋಗಿ ಬರುತ್ತಾರೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಗುಡ್ಡಗಳ ಸಾಲು. ಕಣ್ಣಿಗೆ ಇದು ಸೊಗಸು. ಮರದ ಸಾಮಾನಿಗೆ ಕಠಿಣ ಪರೀಕ್ಷೆ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ. ಆ ದಿನಗಳಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲಿರುತ್ತದೆ.

ಕಡಿದು ಕೊಯ್ದ ಮೇಲೂ ಮರ ಗಾಳಿಯೊಡನೆ ಕೊಡುಕೊಳ್ಳುವಿಕೆಯನ್ನು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಗಾಳಿಯ ತೇವಾಂಶ ಶೇಕಡಾ 65 ಇದ್ದಾಗ ಮರದಲ್ಲಿ ತನ್ನ ಒಣ ತೂಕದ ಸುಮಾರು ನೂರಕ್ಕೆ 12ರಷ್ಟು ನೀರಿರುತ್ತದೆ. ಅದೇ 90 ಆದಾಗ ಈ ನೀರು ನೂರಕ್ಕೆ 20ರ ಹತ್ತಿರ ಬರುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳು ಕಾದು ಕುಳಿತಿರುವುದು ಈ 20ರ ಗಡಿಯನ್ನೇ. ಇನ್ನು ಸ್ವಲ್ಪ ನೀರು ಸೇರಿತೆಂದರೆ ಅವುಗಳಿಗೆ ಹಬ್ಬ. ಆಷಾಢ ಶ್ರಾವಣಗಳಲ್ಲಿ ಧಾರೇಶ್ವರದ ಕಪಾಟು ಆ ಗಡಿಯ ಅಂಚಿನಲ್ಲಿ ನಿಂತಿರುವಾಗ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಬಾಗಿಲು ಮುಚ್ಚಿ ಚಿಲಕ ಹಾಕಿದರೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಸಮುದ್ರದ ಉಪ್ಪು ಬೇರೆ. ಗಾಳಿಯ ತೇವ ಶೇಕಡಾ 75ನ್ನು ದಾಟಿತೆಂದರೆ ಉಪ್ಪು ತಾನಾಗಿಯೇ ನೀರೊಡೆಯತೊಡಗುತ್ತದೆ. ಇದೇ ತಾಲೂಕಿನ ಸಾಣಿಕಟ್ಟೆಯ ಉಪ್ಪನ್ನು ಮರಿಗೆಯಲ್ಲಿ ತುಂಬಿಟ್ಟ ಗೃಹಿಣಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಡಲ ಗಾಳಿ ಹೊತ್ತು ತಂದ ಉಪ್ಪಿನ ಕಣಗಳು ಕಪಾಟಿನ ಬಿಜಾಗರಿಯ ಮೇಲೆ ಕುಳಿತು ಮಾಡುವುದೂ ಇದನ್ನೇ. ಕಬ್ಬಿಣದ ಬಿಜಾಗರಿ, ತಿರುಪು ಮೊಳೆಗಳು ಬೇಗ ತುಕ್ಕು ಹಿಡಿದು ಮರವನ್ನೂ ಕಪ್ಪಾಗಿಸುತ್ತವೆ. ಕರಾವಳಿಯ ಹಳೆಯ ಕಪಾಟುಗಳಲ್ಲಿ ಹಿತ್ತಾಳೆಯ ಬಿಜಾಗರಿಗಳು ಇರುತ್ತಿದ್ದುದು ಬರಿಯ ಶೋಭೆಗಾಗಿ ಅಲ್ಲ.

ಹೊಗೆ ಹೋಯಿತು, ಹಬೆ ಉಳಿಯಿತು

ಹಾಗಾದರೆ ಇಂಥ ಊರಿನಲ್ಲಿ ಹಿಂದಿನವರ ಕಪಾಟುಗಳು ಎರಡು ಮೂರು ತಲೆಮಾರು ಬಾಳಿದ್ದು ಹೇಗೆ? ಮೊದಲನೆಯ ಕಾರಣ, ಮರ. ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಸಾಗವಾನಿ, ಬೀಟೆ, ಗಂಧಗಳೆಲ್ಲ ಸರಕಾರದ ಮರಗಳು. ಸಾಮಾನ್ಯ ಗೃಹಸ್ಥನ ಕೈಗೆ ಎಟುಕುತ್ತಿದ್ದುದು ಹಿತ್ತಿಲಿನ ಹಲಸು. ವೀಣೆಗೂ ಮೃದಂಗಕ್ಕೂ ಆಗುವ ಈ ಮರದ ಕೆಚ್ಚು ಹುಳುವಿಗೂ ಶಿಲೀಂಧ್ರಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಹೊಸದಾಗಿ ಕೊಯ್ದಾಗ ಅರಿಸಿನ ಬಣ್ಣದ್ದಾಗಿದ್ದು, ಬೆಳಕು ತಾಗಿದಂತೆಲ್ಲ ತಾಮ್ರದ ಛಾಯೆಗೆ ತಿರುಗುವುದು ಅದರ ಇನ್ನೊಂದು ಗುಣ.

ಎರಡನೆಯ ಕಾರಣ, ಮನೆಯ ಉಸಿರಾಟ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಹಂಚಿನ ಮಾಡುಗಳು ಹಬ್ಬಿದವು. ಹಂಚಿನ ಸಂದುಗಳಲ್ಲಿ ಮಳೆ ಒಳಗೆ ಬಾರದು. ಆದರೆ ಹೊಗೆ, ಹಬೆಗಳು ಹೊರಗೆ ಹೋಗುತ್ತವೆ. ಕೆಳಗೆ ಸೌದೆಯ ಒಲೆ ದಿನವಿಡೀ ಬೆಚ್ಚಗಿದ್ದು ಗಾಳಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ಹೊಗೆ ತಾಗಿದ ಮರಕ್ಕೆ ಹುಳುವಿನ ಕಾಟವೂ ಕಡಿಮೆ. ಅನೇಕ ಕಪಾಟುಗಳಿಗೆ ಜಾಳಿಗೆಯ ಬಾಗಿಲು ಇರುತ್ತಿತ್ತು. ಬೆಕ್ಕು ಇಲಿಗಳಿಗೆ ತಡೆ, ಗಾಳಿಗೆ ದಾರಿ.

ಇಂದು ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದಿದೆ. ಹೆಣ್ಣುಮಕ್ಕಳ ಕಣ್ಣಿಗೂ ಎದೆಗೂ ಕೇಡಾಗಿದ್ದ ಹೊಗೆ ತೊಲಗಿದ್ದು ದೊಡ್ಡ ಪುಣ್ಯವೇ. ಅದನ್ನು ಮರಳಿ ಕರೆಯಬೇಕೆಂದು ಯಾರೂ ಹೇಳಲಾರರು. ಆದರೆ ಅದರೊಡನೆ ಹಂಚಿನ ಮಾಡು ಹೋಗಿ ಕಾಂಕ್ರೀಟಿನ ತಾರಸಿಯೂ ಬಂತು. ಅಡಿಗೆಮನೆಯ ಕಿಟಕಿಗೆ ಗಾಜು ಬಂತು. ಈ ನಡುವೆ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಗ್ಯಾಸು ಉರಿದಾಗ ಹೊಗೆ ಕಾಣದಿದ್ದರೂ ನೀರಿನ ಆವಿ ಹುಟ್ಟುತ್ತದೆ. ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಕಿಲೋ ಮಿಕ್ಕಿ ನೀರು. ಮನೆಬಳಕೆಯ 14.2 ಕಿಲೋ ಸಿಲಿಂಡರು ಮುಗಿಯುವಷ್ಟರಲ್ಲಿ ಇಪ್ಪತ್ತು ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಅಡಿಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ, ಸಾರು, ಇಡ್ಲಿಗಳ ಹಬೆಯ ಲೆಕ್ಕ ಬೇರೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಈ ನೀರನ್ನು ಕುಡಿಯುವುದು ಕಪಾಟಿನ ಮರ.

ಆದುದರಿಂದ ಕಪಾಟಿನ ಆರೈಕೆ ಆರಂಭವಾಗತಕ್ಕದ್ದು ಬಟ್ಟೆಯಿಂದಲ್ಲ, ಕಿಟಕಿಯಿಂದ. ಅಡಿಗೆ ನಡೆಯುವಾಗಲೂ ಮುಗಿದ ಮೇಲೆ ಅರ್ಧ ಗಂಟೆಯೂ ಕಿಟಕಿ ತೆರೆದಿರಲಿ. ಗೋಡೆಯ ಮೇಲ್ಭಾಗದಲ್ಲಿ ಹಬೆ ಹೊರದೂಡುವ ಪಂಖವಿದ್ದರೆ ಇನ್ನೂ ಒಳ್ಳೆಯದು. ಮಳೆ ಬಿಡುವು ಕೊಟ್ಟ ಮಧ್ಯಾಹ್ನಗಳಲ್ಲಿ ಕಪಾಟಿನ ಎಲ್ಲ ಬಾಗಿಲುಗಳನ್ನೂ ತೆರೆದಿಡಿ. ಕಪಾಟಿಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟಾದರೂ ಅಂತರವಿರಲಿ. ತೊಳೆದ ಪಾತ್ರೆಗಳು ಪೂರ್ತಿ ಒಣಗುವ ಮೊದಲು ಒಳಗೆ ಹೋಗದಿರಲಿ. ತಟ್ಟುಗಳ ಮೇಲೆ ಹಾಸಿದ ಹಳೆಯ ವೃತ್ತಪತ್ರಿಕೆ ತೇವವನ್ನು ಹಿಡಿದಿಡುತ್ತದೆ, ಜಿರಲೆಗೂ ಮರೆಯಾಗುತ್ತದೆ. ಮಳೆಗಾಲದಲ್ಲಿ ಅದನ್ನು ತೆಗೆದೇ ಬಿಡುವುದು ಲೇಸು.

ಮೂರು ಬಟ್ಟೆಗಳ ಕ್ರಮ

ಹಾಗೆಂದು ಕಪಾಟನ್ನು ಶುಚಿಮಾಡಲೇ ಬಾರದೆಂದಲ್ಲ. ಅಡಿಗೆಯ ಎಣ್ಣೆಯ ಹನಿಗಳು ಮರದ ಮೇಲೆ ಕುಳಿತು ದಿನಗಳೆದಂತೆ ಗಾಳಿಯೊಡನೆ ಬೆರೆತು ಅಂಟಿನಂತೆ ಗಟ್ಟಿಯಾಗುತ್ತವೆ. ಅದಕ್ಕೆ ಧೂಳು ಹತ್ತಿ ಹಳದಿ ಪೊರೆಯಾಗುತ್ತದೆ. ಹೊಸ ಜಿಡ್ಡು ಒಂದು ಒರೆಸಿಗೆ ಹೋಗುತ್ತದೆ. ವರ್ಷದ ಜಿಡ್ಡಿಗೆ ಯುದ್ಧವೇ ಬೇಕು. ಆದ್ದರಿಂದ ವರ್ಷಕ್ಕೊಮ್ಮೆ ತೊಳೆಯುವುದಕ್ಕಿಂತ ವಾರಕ್ಕೊಮ್ಮೆ ಒರೆಸುವುದೇ ಜಾಣತನ.

ಇದಕ್ಕೆ ಬೇಕಾದದ್ದು ಹಳೆಯ ಹತ್ತಿಯ ಸೀರೆಯ ಅಥವಾ ಪಂಚೆಯ ಮೂರು ತುಂಡು. ಒಂದು ಲೀಟರು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಅರ್ಧ ಚಮಚ, ಇಲ್ಲವೆ ನಾಲ್ಕೈದು ಅಂಟುವಾಳಕಾಯಿ ನೆನೆಸಿ ಸೋಸಿದ ನೀರು ಸಾಕು. ಮೊದಲನೆಯ ಬಟ್ಟೆಯನ್ನು ಇದರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಮರದ ಎಳೆಯ ಉದ್ದಕ್ಕೆ ಒರೆಸಬೇಕು, ಅಡ್ಡಡ್ಡಲಾಗಿ ಉಜ್ಜಬಾರದು. ಎರಡನೆಯ ಬಟ್ಟೆಯನ್ನು ಬರಿಯ ನೀರಿನಲ್ಲಿ ಅದ್ದಿ ಹಿಂಡಿ ಸಾಬೂನಿನ ಅಂಶವನ್ನು ತೆಗೆಯಬೇಕು. ಮೂರನೆಯದು ಒಣಬಟ್ಟೆ, ಕೂಡಲೇ ಒರೆಸಿ ಒಣಗಿಸಲು. ಒಂದು ಬಾಗಿಲು ಮುಗಿದ ಮೇಲೆಯೇ ಇನ್ನೊಂದನ್ನು ಹಿಡಿಯಬೇಕು. ಹಿಡಿಯ ಸುತ್ತಲಿನ ಜಾಗ, ಒಲೆಯ ಪಕ್ಕದ ಬಾಗಿಲು, ಕಪಾಟಿನ ನೆತ್ತಿ, ಈ ಮೂರೂ ಕಡೆ ಜಿಡ್ಡು ಹೆಚ್ಚು. ಗಟ್ಟಿಯಾದ ಹಳೆಯ ಜಿಡ್ಡಿಗೆ ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಸವರಿ ಹತ್ತು ನಿಮಿಷ ಬಿಟ್ಟರೆ ಅದು ಮೆತ್ತಗಾಗುತ್ತದೆ. ಆಮೇಲೆ ಸಾಬೂನಿನ ಬಟ್ಟೆಯಿಂದ ಆ ಎಣ್ಣೆಯನ್ನೂ ಸಂಪೂರ್ಣವಾಗಿ ತೆಗೆಯಬೇಕು.

ಅರಿಸಿನದ ಕಲೆಗೆ ಉಜ್ಜಾಟವೇ ಬೇಡ. ಬಿಸಿಲಿಗೆ ಅದರ ಬಣ್ಣ ನಿಲ್ಲುವುದಿಲ್ಲ. ಬಾಗಿಲನ್ನು ತೆರೆದು ಎರಡು ಮೂರು ದಿನ ಬೆಳಗಿನ ಬಿಸಿಲು ತಾಗುವಂತೆ ಮಾಡಿದರೆ ಕಲೆ ತಾನೇ ಮಾಸುತ್ತದೆ.

ಬೇಡವಾದ ಉಪಚಾರಗಳು

ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಒಗೆಯುವ ಸೋಡಾ ಜಿಡ್ಡನ್ನು ತೆಗೆಯುವುದೇನೋ ನಿಜ. ಅದರೊಡನೆ ಅರಗಿನ ಪಾಲಿಷನ್ನೂ ತೆಗೆಯುತ್ತದೆ, ಒಗರಿರುವ ಮರಗಳನ್ನು ಕಪ್ಪಾಗಿಸುತ್ತದೆ. ಲಿಂಬೆ, ಹುಣಿಸೆ, ವಿನೆಗರುಗಳ ಹುಳಿ ತಾಮ್ರದ ಪಾತ್ರೆಗೆ ಸರಿ, ಕಪಾಟಿನ ಹೊಳಪಿಗೆ ಸಲ್ಲದು. ಕಬ್ಬಿಣದ ನಾರಿನಿಂದ ಎಂದೂ ಉಜ್ಜಬಾರದು. ಅದರ ತುಣುಕುಗಳು ಮರದ ಎಳೆಗಳಲ್ಲಿ ಉಳಿದು, ತೇವ ತಾಗಿದೊಡನೆ ಮರದ ಒಗರಿನೊಡನೆ ಸೇರಿ ಮಸಿಯಂಥ ಕಲೆಯಾಗುತ್ತದೆ. ಅಣಲೆಕಾಯಿಯ ಒಗರಿಗೆ ಕಬ್ಬಿಣವನ್ನು ಕೂಡಿಸಿ ನಮ್ಮ ಹಿರಿಯರು ಬರೆಯುವ ಶಾಯಿ ಮಾಡುತ್ತಿದ್ದುದು ಇದೇ ತತ್ವದಿಂದ. ಸೀಮೆ ಎಣ್ಣೆ, ಪೆಟ್ರೋಲುಗಳನ್ನು ಒಲೆಯಿರುವ ಕೋಣೆಗೆ ತರಲೇ ಬಾರದು.

ನಿಮ್ಮ ಕಪಾಟಿಗೆ ಬಳಿದಿರುವುದು ಯಾವ ಲೇಪ ಎಂಬುದನ್ನು ಮೊದಲು ತಿಳಿಯುವುದು ಒಳಿತು. ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಸ್ಪಿರಿಟಿನ ಒಂದು ಹನಿ ಇಟ್ಟು ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಷು. ಬಿಸಿ ಪಾತ್ರೆ, ನೀರು, ಸೋಡಾಗಳಿಗೆ ಅದು ತಾಳದು. ಏನೂ ಆಗದಿದ್ದರೆ ಬಹುಮಟ್ಟಿಗೆ ಅದು ವಾರ್ನಿಷು ಅಥವಾ ಇಂದಿನ ಪಾಲಿಯುರೆಥೇನು. ಇನ್ನೊಂದೆಡೆ ನೀರಿನ ಹನಿ ಇಡಿ. ಅದು ಮುತ್ತಿನಂತೆ ನಿಂತರೆ ಲೇಪ ಚೆನ್ನಾಗಿದೆ. ಹೀರಿಕೊಂಡು ಮರ ಕಪ್ಪಾದರೆ ಲೇಪ ಸವೆದಿದೆ ಎಂದರ್ಥ.

ಆಷಾಢದಲ್ಲಿ ಕೀಸುಳಿ ಬೇಡ

ಮಳೆಗಾಲದಲ್ಲಿ ಬಾಗಿಲು ಬಿಗಿದಾಗ ಆಚಾರಿಯನ್ನು ಕರೆಸಿ ಅಂಚಿಗೆ ಕೀಸುಳಿ ಹಾಕಿಸುವುದು ಅನೇಕರ ವಾಡಿಕೆ. ಮರ ಉದ್ದಕ್ಕೆ ಹಿಗ್ಗುವುದು ತೀರ ಅಲ್ಪ, ಹಿಗ್ಗುವುದೆಲ್ಲ ಅಗಲಕ್ಕೆ. ಒಂದಡಿ ಅಗಲದ ಸಾಗವಾನಿ ಹಲಗೆಯೂ ಬೇಸಗೆಗೂ ಮಳೆಗಾಲಕ್ಕೂ ನಾಲ್ಕೈದು ಮಿಲಿಮೀಟರು ವ್ಯತ್ಯಾಸ ತೋರಬಹುದು. ಶ್ರಾವಣದಲ್ಲಿ ಹೆರೆದ ಅಂಚು ಮಾಘದಲ್ಲಿ ಸಂದಾಗಿ ನಿಲ್ಲುತ್ತದೆ. ಆ ಸಂದಿನಲ್ಲಿ ಜಿರಲೆಯ ಸಂಸಾರ. ಬಿಗಿದ ಬಾಗಿಲಿನ ಅಂಚಿಗೆ ಮೇಣದ ಬತ್ತಿ ಉಜ್ಜಿ ಮಳೆಗಾಲ ಕಳೆಯಿರಿ. ಬೇಸಗೆಯಲ್ಲೂ ಬಿಗಿಯಾಗಿಯೇ ಇದ್ದರೆ ಆಗ ಕೀಸುಳಿಯ ಮಾತು.

ಹಳೆಯ ಕಪಾಟುಗಳ ಬಾಗಿಲಿನಲ್ಲಿ ಸುತ್ತ ಚೌಕಟ್ಟು, ನಡುವೆ ಅದರ ಗಾಡಿಯಲ್ಲಿ ಸಡಿಲವಾಗಿ ಕೂರಿಸಿದ ಹಲಗೆ ಇರುವುದನ್ನು ಕಂಡಿರಬಹುದು. ಅಲುಗುತ್ತದೆಂದು ಕೆಲವರು ಅದಕ್ಕೆ ಮೊಳೆ ಹೊಡೆಯುತ್ತಾರೆ, ಅಂಟು ತುಂಬುತ್ತಾರೆ. ಆ ಸಡಿಲು ದೋಷವಲ್ಲ. ಹಿಗ್ಗಿ ಕುಗ್ಗಲು ಆಚಾರಿ ಕೊಟ್ಟ ಅವಕಾಶ ಅದು. ಬಂಧಿಸಿದರೆ ಹಲಗೆ ಸೀಳುತ್ತದೆ. ಬೆಂಗಳೂರು, ಧಾರವಾಡಗಳ ವಾಚಕರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕರಾವಳಿಯಿಂದ ಘಟ್ಟದ ಮೇಲಕ್ಕೆ ಕೊಂಡೊಯ್ದ ಕಪಾಟು ಅಲ್ಲಿನ ಮಾರ್ಚಿಯ ಒಣಹವೆಯಲ್ಲಿ ತಟ್ಟನೆ ನೀರು ಬಿಡುತ್ತದೆ. ಮೊದಲ ಬೇಸಗೆಯಲ್ಲಿ ಅದನ್ನು ಬಿಸಿಲು ಹೊಡೆಯುವ ಕಡೆ ಇಡಬಾರದು.

ಬೂಸಲು ಮತ್ತು ಹುಳು

ಬೂಸಲು ಬಂದ ತಟ್ಟನ್ನು ನೀರಿನಿಂದ ತೊಳೆಯುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಸಾಮಾನುಗಳನ್ನೆಲ್ಲ ಹೊರಗೆ ತೆಗೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಿಚ್ಚಬಹುದಾದ ತಟ್ಟುಗಳನ್ನು ಅಂಗಳಕ್ಕೆ ಒಯ್ದು ಒಣ ಬ್ರಶ್ಶಿನಿಂದ ಉಜ್ಜಿ. ಬಳಿಕ ಹಿಂಡಿದ ಸಾಬೂನು ಬಟ್ಟೆಯಿಂದ ಒರೆಸಿ ಗಾಳಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಇಷ್ಟು ಮಾಡಿಯೂ ತಿಂಗಳಲ್ಲಿ ಮರಳಿ ಬಂದರೆ ಗೋಡೆ ಸೋರುತ್ತಿರಬೇಕು, ಇಲ್ಲವೆ ನಲ್ಲಿಯ ಕೊಳವೆ ತೊಟ್ಟಿಕ್ಕುತ್ತಿರಬೇಕು, ಮೂಲವನ್ನು ಹುಡುಕಿ.

ಇಲ್ಲಿ ಮರಕ್ಕಿಂತ ಹೆಚ್ಚಿನ ಮಾತು ಒಂದಿದೆ. ಅಂಥ ಕಪಾಟಿನಲ್ಲಿದ್ದ ನೆಲಗಡಲೆ, ಕೊಬ್ಬರಿ, ಒಣಮೆಣಸುಗಳಿಗೆ ಬೂಸಲು ತಾಗಿದ್ದರೆ ಒರೆಸಿ, ಹುರಿದು ಬಳಸಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ ನೆಲಗಡಲೆ ಹಿಂಡಿಯಲ್ಲಿ ಬೂಸಲಿನಿಂದ ಹುಟ್ಟಿದ ವಿಷವಿದ್ದುದು ಬೆಳಕಿಗೆ ಬಂತು. ಅಫ್ಲಟಾಕ್ಸಿನ್ ಎಂದು ಹೆಸರಾದ ಆ ವಿಷ ಯಕೃತ್ತಿಗೆ ಮಾರಕ, ಸಾಮಾನ್ಯ ಅಡಿಗೆಯ ಬಿಸಿಗೆ ಅದು ನಾಶವಾಗುವುದಿಲ್ಲ. ನಾಲ್ಕು ಕಾಸಿನ ಕಡಲೆಯ ಮೋಹ ಮಕ್ಕಳ ಆರೋಗ್ಯಕ್ಕಿಂತ ದೊಡ್ಡದಲ್ಲ.

ಇನ್ನು ಹುಳುಗಳು. ಗೋಡೆಯಿಂದ ಕಪಾಟಿಗೆ ಮಣ್ಣಿನ ಸಣ್ಣ ಸುರಂಗ ಹತ್ತಿದ್ದರೆ ಅದು ಒರಲೆ, ಅಂದರೆ ಗೆದ್ದಲು. ಕೆಳಗೆ ಹಿಟ್ಟಿನಂಥ ಹುಡಿ ಬಿದ್ದು, ಮರದಲ್ಲಿ ಸೂಜಿಮೊನೆಯ ತೂತುಗಳಿದ್ದರೆ ಅದು ಕುಟ್ಟೆ ಹುಳು. ಹಿಟ್ಟಿನಂಥ ಹುಡಿ ಮಾಡುವ ಕುಟ್ಟೆಗೆ ಪ್ರಿಯವಾದದ್ದು ಮರದ ಹೊರಭಾಗದ ಬಿಳಿಯ ಪದರು. ಕೆಚ್ಚನ್ನು ಅದು ಅಷ್ಟಾಗಿ ಮುಟ್ಟದು. ಹೊಸ ಕಪಾಟು ಮಾಡಿಸುವಾಗ ಬಿಳಿಯ ಪದರನ್ನು ತೆಗೆಸಿಬಿಡುವುದೇ ಉತ್ತಮ ರಕ್ಷಣೆ. ಹಿಂದೆ ಗೆದ್ದಲಿಗೆಂದು ಧಾರಾಳವಾಗಿ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್‌ಗಳು ಈಗ ನಿಷಿದ್ಧ. ಯಾವ ವಿಷವನ್ನೇ ಆಗಲಿ ಧಾನ್ಯವಿಡುವ ತಟ್ಟಿಗೆ ಸಿಂಪಡಿಸಬಾರದು. ನುಸಿಗುಳಿಗೆಯನ್ನೂ ಅಲ್ಲಿ ಇಡಬಾರದು. ಕರಾವಳಿಯವರು ಮಾಡಿನ ಮರಕ್ಕೂ ದೋಣಿಗೂ ಬಳಿಯುವ ಗೇರುಸಿಪ್ಪೆಯ ಎಣ್ಣೆ ಒಳ್ಳೆಯ ರಕ್ಷಕವೇ. ಆದರೆ ಚರ್ಮವನ್ನು ಸುಡುವ ಆ ಎಣ್ಣೆ ಅಡಿಗೆಯ ಕಪಾಟಿಗೆ ಸಲ್ಲದು.

ಎಣ್ಣೆಯ ಬಟ್ಟೆಯಲ್ಲಿ ಬೆಂಕಿ

ಲೇಪ ಸವೆದ ಕಪಾಟಿಗೆ ಹೊಸ ಲೇಪ ಕೊಡಲು ತಕ್ಕ ಕಾಲ ದೀಪಾವಳಿಯ ಅನಂತರದ ಒಣದಿನಗಳು. ಮರ ಒಣಗಿದ ಮೇಲೆಯೇ ಬಳಿಯಬೇಕು. ಒದ್ದೆ ಮರಕ್ಕೆ ಬಳಿದರೆ ನೀರನ್ನು ಒಳಗೆ ಕೂಡಿಹಾಕಿದಂತೆ. ಕೊಬ್ಬರಿ ಎಣ್ಣೆ, ಕಡಲೆ ಎಣ್ಣೆಗಳು ಮರದಲ್ಲಿ ಒಣಗುವುದಿಲ್ಲ. ಜಿಡ್ಡಾಗಿ ಉಳಿದು ಕಮಟುತ್ತವೆ. ಒಣಗಿ ಪೊರೆಯಾಗುವುದು ಅಗಸೆ ಎಣ್ಣೆ. ತೆಳುವಾಗಿ ಸವರಿ, ಕಾಲು ಗಂಟೆಯ ಮೇಲೆ ಹೆಚ್ಚಿನದನ್ನು ಒರೆಸಿ, ಹಲವು ದಿನ ಗಾಳಿಗೆ ಬಿಡಬೇಕು. ಅದು ಒಣಗಿದ ಮೇಲೆ ಜೇನುಮೇಣದ ಪಾಲಿಷು ತಿಕ್ಕಿದರೆ ಹದವಾದ ಹೊಳಪು ಬರುತ್ತದೆ. ಧಾನ್ಯವಿಡುವ ಒಳಭಾಗ ಬರಿಯ ಮರವಾಗಿ, ಒಣಗಿ ಇದ್ದರೆ ಸಾಕು.

ಈ ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಹೆಚ್ಚುತ್ತ ಹೋಗಿ, ಕಡ್ಡಿ ಗೀರದೆಯೇ ಬಟ್ಟೆಗೆ ಬೆಂಕಿ ಹತ್ತಬಹುದು. ಆ ಬಟ್ಟೆಯನ್ನು ಅಂಗಳದಲ್ಲಿ ಹರವಿ ಪೂರ್ತಿ ಒಣಗಿಸಿ, ಇಲ್ಲವೆ ನೀರಿನಲ್ಲಿ ಮುಳುಗಿಸಿಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವೇನು?

ಇಂದಿನ ಹಲಗೆಗಳು

ಈಗಿನ ಕಪಾಟುಗಳಲ್ಲಿ ಗಟ್ಟಿಮರ ಅಪರೂಪ. ಮರದ ಹುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅಗ್ಗ, ನೋಡಲೂ ಚೆಂದ. ಆದರೆ ನೀರು ತಾಗಿ ಒಮ್ಮೆ ಉಬ್ಬಿದರೆ ಅದು ಮತ್ತೆ ಇಳಿಯುವುದಿಲ್ಲ. ನೀರಿನ ತೊಟ್ಟಿಯ ಕೆಳಗೆ ಅದನ್ನು ಎಂದಿಗೂ ಹಾಕಿಸಬಾರದು. ಆ ಸ್ಥಳಕ್ಕೆ ಐ.ಎಸ್. 710 ಎಂಬ ಮುದ್ರೆಯಿರುವ, ಕುದಿನೀರಿಗೂ ಬಿಚ್ಚದ ಪ್ಲೈವುಡ್ಡನ್ನು ಕೇಳಿ ಪಡೆಯಬೇಕು. ಕೊಯ್ದ ಅಂಚುಗಳನ್ನೂ ಕೊಳವೆಗಾಗಿ ಕೊರೆದ ತೂತುಗಳನ್ನೂ ಲೇಪದಿಂದ ಮುಚ್ಚಿಸಬೇಕು, ನೀರು ನುಗ್ಗುವುದು ಅಲ್ಲಿಂದಲೇ.

ಹೊಸ ಮನೆ ಕಟ್ಟಿಸುವವರು ಅಜ್ಜಿಯ ಕಾಲದ ಹಲಸಿನ ಕಪಾಟನ್ನು “ಹಳೆಯದು, ಕಪ್ಪಾಗಿದೆ” ಎಂದು ಬಂದ ಬೆಲೆಗೆ ಕೊಟ್ಟುಬಿಡುವುದನ್ನು ಕಾಣುತ್ತೇವೆ. ಆ ಕಪ್ಪು ಬಹುಪಾಲು ಮಸಿ, ಜಿಡ್ಡುಗಳ ಪೊರೆ. ಕೊಡುವ ಮೊದಲು ಒಂದು ಬಾಗಿಲನ್ನಾದರೂ ಮೂರು ಬಟ್ಟೆಗಳ ಕ್ರಮದಲ್ಲಿ ಒರೆಸಿ ನೋಡಿ. ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದಿಲ್ಲದೆ ಗಟ್ಟಿಯಾಗಿದ್ದರೆ ಇನ್ನೊಂದು ತಲೆಮಾರಿಗೆ ಅದು ಸಿದ್ಧವಾಗಿದೆಯೆಂದೇ ತಿಳಿಯಿರಿ. ಹಿತ್ತಿಲಿನ ಹಲಸು ಅಷ್ಟು ದಪ್ಪವಾಗಿ ಬೆಳೆಯಲು ದಶಕಗಳು ಹಿಡಿದಿರುತ್ತವೆ. ಅದನ್ನು ಅಂಗಡಿಯಲ್ಲಿ ಮರಳಿ ಕೊಳ್ಳಲಾಗದು.

ಇದು ಗೃಹಿಣಿಯೊಬ್ಬಳ ತಲೆಗೇ ಕಟ್ಟುವ ಕೆಲಸವೂ ಅಲ್ಲ. ವಾರಕ್ಕೊಮ್ಮೆ ಒರೆಸುವುದನ್ನು ಮಕ್ಕಳು ಮಾಡಬಲ್ಲರು. ಜ್ಯೇಷ್ಠಕ್ಕೆ ಮೊದಲು ಬಿಜಾಗರಿ, ಕೊಳವೆ, ಗೋಡೆಗಳನ್ನು ನೋಡುವುದನ್ನೂ ಕಾರ್ತಿಕದ ಮೇಲೆ ಎಣ್ಣೆ ಸವರುವುದನ್ನೂ ಮನೆಯ ಗಂಡಸರು ಮಾಡಲಿ. ಮಳೆಗಾಲದ ಮಧ್ಯಾಹ್ನ ಬಾಗಿಲು ತೆರೆದಿಡುವುದಕ್ಕಂತೂ ಯಾರ ಕೈಯಾದರೂ ಆದೀತು.